ಸಿದ್ದವ್ವ ಕುಡಿದ ನೀರು

ನಮ್ಮ ಅವ್ವ ನಲವತ್ತನೆಯ ವಯಸ್ಸಿಗೆ ಲಾ ಕಾಲೇಜು ಸೇರಿದಾಗ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಕಾನೂನಿನದಲ್ಲ, ರೊಟ್ಟಿಯದು. ಏಳೂವರೆಗೆ ಅಪ್ಪ ಬ್ಯಾಡಗಿ ಪೇಟೆಗೆ ಹೊರಡಬೇಕು, ಎಂಟೂವರೆಯ ಬಸ್ಸಿಗೆ ಅವ್ವ ರಾಣೇಬೆನ್ನೂರಿನ ಕಾಲೇಜಿಗೆ ಹೊರಡಬೇಕು. ಅಜ್ಜನಿಗೆ ಬಿಸಿ ರೊಟ್ಟಿಯೇ ಆಗಬೇಕು, ಅಜ್ಜಿಗೆ ಸೊಸೆ ಬಡಿದ ರೊಟ್ಟಿಯೇ ಆಗಬೇಕು. ನನಗಂತೂ ಹಿಟ್ಟು ನಾದಲು ಕೂಡ ಬರುತ್ತಿರಲಿಲ್ಲ. ಈ ಮನೆಯ ಒಬ್ಬಳೇ ಮಗಳು ದುರ್ಗಾ ನಾನು, ಅದನ್ನೊಂದು ಹೆಮ್ಮೆಯೆಂದು ತಿಳಿದುಕೊಂಡಿದ್ದೆ. ಮೂರು ವರ್ಷ ಹೇಗೋ ಉಳಿದಿದ್ದ ಆ ಹೆಮ್ಮೆ ಕೊನೆಯ ಮೂರು ವಾರಗಳಲ್ಲಿ ಇಳಿದುಹೋಯಿತು. ಆ ಮೂರು ವಾರಗಳನ್ನು ನೆನೆದರೆ ಈಗಲೂ ಮನಸ್ಸು ಹಾವೇರಿಯ ಆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತುಬಿಡುತ್ತದೆ.

ನನ್ನ ಅಜ್ಜ ಮೈಲಾರೆಪ್ಪ ಹಾವೇರಿ ಕೋರ್ಟಿನ ಹಾಲಸಿದ್ದಪ್ಪ ವಕೀಲರ ಹತ್ತಿರ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದ. ಓದಿದ್ದು ಎಸ್ಸೆಸ್ಸೆಲ್ಸಿ. ವಕೀಲನಾಗಬೇಕೆಂಬ ಆಸೆಯಿತ್ತು, ಆಗಲಿಲ್ಲ. ಅರ್ಜಿ ಬರೆಯುತ್ತಿದ್ದವನು ಅಜ್ಜ, ಸಹಿ ವಕೀಲರದು. ಕಡತ ಹೊರುತ್ತಿದ್ದವನು ಅಜ್ಜ, ಹೆಸರು ವಾದಿ ಪ್ರತಿವಾದಿಗಳದು. ವಕೀಲರು ತೀರಿಕೊಂಡ ಮೇಲೆ ಅವರ ಪುಸ್ತಕಗಳು ಹುಬ್ಬಳ್ಳಿಯ ಮಗನ ಮನೆಗೆ ಹೋದವು. ಅಜ್ಜನಿಗೆ ಉಳಿದದ್ದು ಒಂದು ಕರಿ ಛತ್ರಿ, ಮತ್ತು ದಿನಾ ಹತ್ತೂವರೆಗೆ ಸರಿಯಾಗಿ ಎದ್ದು ನಿಂತು ಎಲ್ಲಿಗೋ ಹೊರಡಬೇಕೆನಿಸುವ ಚಟ. ಎದ್ದು ನಿಲ್ಲುತ್ತಿದ್ದ, ಬಾಗಿಲ ತನಕ ಹೋಗುತ್ತಿದ್ದ, ಮತ್ತೆ ಬಂದು ಕೂಡುತ್ತಿದ್ದ. ಅಜ್ಜ ಈಗಿಲ್ಲ. ಹತ್ತೂವರೆಯಾದರೆ ನಾನು ಇವತ್ತಿಗೂ ಬಾಗಿಲ ಕಡೆ ನೋಡುತ್ತೇನೆ.

ಅವ್ವನನ್ನು ಕನ್ಯೆ ನೋಡಲು ಹೋದಾಗಲೇ ಅಜ್ಜ ಎಲ್ಲರೆದುರು, "ಬಿ.ಎ. ಆಗೇತಂತ. ಮುಂದ ಕಾಯ್ದೆ ಓದ್ತಿಯೇನವಾ?" ಎಂದು ಕೇಳಿದ್ದನಂತೆ. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಬೇಕಾದ ಹೊತ್ತಿನಲ್ಲಿ ಬಂದ ಈ ಪ್ರಶ್ನೆಗೆ ಅವ್ವ, ಅಂದರೆ ನಿರ್ಮಲಾ, "ಓದ್ತೇನ್ರಿ" ಎಂದಿದ್ದಳು. ಆ ಮಾತು ನಡೆಸಿಕೊಡಲು ಹದಿನೆಂಟು ವರ್ಷ ಹಿಡಿಯಿತು.

ಅಜ್ಜಿ ಹೊಳಿಯವ್ವ ಮಾತ್ರ ಅರ್ಜಿ ತುಂಬಿದ ದಿನವೇ ತನ್ನ ತಕರಾರು ದಾಖಲು ಮಾಡಿದ್ದಳು.

"ಮೂವತ್ತೆಂಟು ವರ್ಷ ಕೋರ್ಟಿಗೆ ಬುತ್ತಿ ಕಟ್ಟೇನಿ. ಗಂಡಗ ಕಟ್ಟಿದ್ದು ಸಾಲದು ಅಂತ ಈಗ ಸೊಸಿಗೂ ಕಟ್ಲೇನು? ಕೋರ್ಟಿನ್ಯಾಗ ಗೆದ್ದಾಂವ ಸೋತ, ಸೋತಾಂವ ಸತ್ತ ಅಂತಾರ. ಬುತ್ತಿ ಕಟ್ಟಿದಾಕಿ ಏನಾದ್ಲು ಅಂತ ಯಾರರ ಕೇಳ್ಯಾರೇನು?"

ಕೊನೆಗೆ ಅಜ್ಜಿಯೇ ತೀರ್ಪು ಹೇಳಿದಳು: "ಮೂರು ವರ್ಷ. ಮ್ಯಾಲೆ ಒಂದು ದಿನಾ ಇಲ್ಲ. ಫೇಲಾದ್ರ ಪುಸ್ತಕ ಅಟ್ಟಕ್ಕ, ನೀ ಒಲಿ ಮುಂದ."

"ಆತ್ರಿ ಅತ್ತ್ಯಾರ," ಅಂದಳು ಅವ್ವ.

ಅವ್ವ ರೊಟ್ಟಿ ಬಡಿಯುತ್ತ ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಮಾಡಿದಳು, ಬಸ್ಸಿನಲ್ಲಿ ನಿಂತು ಓದಿದಳು, ಒಂದು ವಿಷಯವನ್ನೂ ಉಳಿಸಿಕೊಳ್ಳದೆ ಕೊನೆಯ ಸೆಮಿಸ್ಟರಿಗೆ ಬಂದಳು. ಅಲ್ಲಿ ಪರೀಕ್ಷೆಯ ಜೊತೆಗೆ ಒಂದು ರೆಕಾರ್ಡ್ ಪುಸ್ತಕ ಕೊಡಬೇಕಿತ್ತು. ವಿದ್ಯಾರ್ಥಿ ತಾನೇ ಕೋರ್ಟಿಗೆ ಹೋಗಿ, ಒಂದು ಖಟ್ಲೆಯ ವಿಚಾರಣೆ ನೋಡಿ, ಆ ದಿನ ಕಂಡದ್ದನ್ನು ಅದರಲ್ಲಿ ಬರೆಯಬೇಕು. ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ನೋಡಿ ಪ್ರಶ್ನೆ ಕೇಳುತ್ತಾರೆ. ರೆಕಾರ್ಡ್ ಇಲ್ಲವೆಂದರೆ ಆ ವಿಷಯ ಹೋಯಿತು, ಅದರ ಜೊತೆ ವರ್ಷವೂ ಹೋಯಿತು.

ಅವ್ವನ ಜೊತೆ ಓದುತ್ತಿದ್ದ ಕಾವ್ಯಾ ನನಗಿಂತ ನಾಲ್ಕು ವರ್ಷ ದೊಡ್ಡವಳು, ಅಷ್ಟೇ. ಆಕೆ ಒಂದು ಝೆರಾಕ್ಸ್ ಕಟ್ಟು ತಂದುಕೊಟ್ಟಳು.

"ಕೋರ್ಟಿಗೆ ಯಾರ ಹೋಗ್ತಾರ ಅಕ್ಕಾರ? ವರ್ಷಾ ಎಲ್ಲಾರೂ ಇದನ್ನ ಬರೀತಾರ. ತಾರೀಖ ಒಂದು ಬದಲ್ ಮಾಡ್ರಿ, ಮುಗೀತು."

ಫೆಬ್ರವರಿ ಕೊನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ಚೇತನಕುಮಾರ ಮನೆಗೆ ಬಂದರೆ ಅಂಗಿಯ ಘಾಟಿಗೆ ಮನೆಮಂದಿಯೆಲ್ಲ ಸೀನುತ್ತಿದ್ದೆವು. ಕೋರ್ಟಿನಲ್ಲಿ ಕೂಡಲು ಅವ್ವನಿಗೆ ಪುರಸೊತ್ತೆಲ್ಲಿ? ನನ್ನ ಅಕ್ಷರ ದುಂಡಗಿತ್ತು. "ನಾ ಬರದ್ ಕೊಡ್ತೇನಿ," ಎಂದೆ.

"ತಪ್ಪಲ್ಲನ ಇದು?" ಎಂದಳು ಅವ್ವ.

"ಎಲ್ಲಾರೂ ಮಾಡ್ತಾರವ್ವ."

ಅವ್ವ ಖಾಲಿ ರೆಕಾರ್ಡ್ ಪುಸ್ತಕ ತಂದು ನನ್ನ ಮುಂದಿಟ್ಟಳು. ಆ ತಪ್ಪಿನಲ್ಲಿ ನನ್ನದೇ ದೊಡ್ಡ ಪಾಲು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಹದಿನಾಲ್ಕನೆಯ ಪುಟ ಬರೆಯುತ್ತಿದ್ದೆ. ಎದುರಿಗೆ ಅಜ್ಜ ಚಟ್ನಿಗೆಂದು ಶೇಂಗಾ ಸುಲಿಯುತ್ತಿದ್ದ.

"ಏನ ಬರಿಯಾಕತ್ತೀದಿ? ಓದು, ನಾನೂ ಕೇಳ್ತೇನಿ."

ಓದಿದೆ. "ವಾದಿಯ ಪರ ಎರಡನೆಯ ಸಾಕ್ಷಿ, ಕಾಗಿನೆಲೆಯ ಸಿದ್ದವ್ವ, ವಯಸ್ಸು ಅರವತ್ತು, ಕಟಕಟೆಗೆ ಬಂದಳು. ಕಣದಲ್ಲಿದ್ದ ಬೇವಿನ ಮರವು ಅಣ್ಣತಮ್ಮಂದಿರಲ್ಲಿ ಯಾರ ಪಾಲಿಗೆ ಬಂದಿದೆಯೆಂದು ಕೇಳಲಾಗಿ..."

ಅಜ್ಜನ ಕೈ ನಿಂತಿತು. ಕಣ್ಣು ಮುಚ್ಚಿ ಅಜ್ಜ ಹೇಳಿದ: "ಮರವು ಪಾಲಾಗಿಲ್ಲ, ನೆರಳು ಮಾತ್ರ ಪಾಲಾಗಿದೆ ಎಂದಳು."

ನಾನು ಹಾಳೆ ನೋಡಿದೆ. ಹಾಗೆಯೇ ಇತ್ತು.

"ಅಷ್ಟರಲ್ಲಿ ಸಾಕ್ಷಿಗೆ ಗಂಟಲು ಒಣಗಿತು," ಅಜ್ಜ ಮುಂದುವರಿಸಿದ. "ನೀರು ಬೇಡಿದಳು. ನೀರು ಕೊಡಲಾಯಿತು. ಕುಡಿದು ಸುಧಾರಿಸಿಕೊಂಡು ಮತ್ತೆ ಹೇಳಿದಳು."

ಅದೂ ಹಾಗೆಯೇ ಇತ್ತು. "ಅಜ್ಜ, ನಿನಗ ಹೆಂಗ ಗೊತ್ತು?"

"ಗೊತ್ತೇನು, ಬರದಾಂವನ ನಾನು."

ಇಪ್ಪತ್ತೈದು ವರ್ಷದ ಹಿಂದಿನ ಮಾತು. ವಕೀಲರ ತಂಗಿಯ ಮಗನೊಬ್ಬ ಲಾ ಓದುತ್ತಿದ್ದ. ಕೋರ್ಟಿಗೆ ಬಂದು ಕೂಡಲು ಅವನಿಗೆ ಬೇಸರ. "ಮೈಲಾರೆಪ್ಪ, ನೀ ದಿನಾ ಅಲ್ಲೇ ಇರ್ತಿ, ಬರದ್ ಕೊಡು," ಎಂದಿದ್ದನಂತೆ. ಅಜ್ಜ ಎರಡು ಸಂಜೆ ಕೂತು, ತಾನು ಕಂಡ ಖಟ್ಲೆಯನ್ನು ತನ್ನ ಕೈಯಾರೆ ಚೆಂದಗೆ ಬರೆದುಕೊಟ್ಟಿದ್ದ. ಆ ಹುಡುಗ ಪಾಸಾದ. ರೆಕಾರ್ಡನ್ನು ಮರುವರ್ಷ ಯಾರೋ ನಕಲು ಮಾಡಿದರು, ಅದರ ನಕಲನ್ನು ಮತ್ಯಾರೋ. ಕೈಯಿಂದ ಕೈಗೆ ದಾಟುತ್ತ ಅದು ಈಗ ಅಜ್ಜನ ಪಡಸಾಲೆಗೇ ಬಂದಿತ್ತು.

ಮೊದಲಿಗೆ ಅಜ್ಜನಿಗೆ ಎಷ್ಟು ಖುಷಿಯಾಯಿತೆಂದರೆ, ಪೂರ್ತಿ ಓದಿಸಿದ. ವಕೀಲರು ಕೇಳಿದ ಪ್ರಶ್ನೆ ಬಂದಾಗ ಅವರ ಹಾಗೆಯೇ ಇಲ್ಲದ ಕೋಟಿನ ಕಾಲರು ಹಿಡಿದು ತೋರಿಸಿದ. "ಆವತ್ತು ಕೋರ್ಟನ್ಯಾಗ ಫ್ಯಾನ್ ಕೆಟ್ಟಿತ್ತು. ಜಜ್ ಸಾಹೇಬ್ರು ಬೆವರಾಕತ್ತಿದ್ರು," ಎನ್ನುತ್ತ ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ:

"ತಾರೀಖ ಏನ ಹಾಕೀದಿ?"

"ಹೋದ ತಿಂಗಳದ್ದು."

"ಸಿದ್ದವ್ವ ಸತ್ತು ಹದಿನೆಂಟು ವರ್ಷಾತು. ಮಣ್ಣಿಗೆ ನಾನ ಹೋಗಿದ್ದೆ. ಹೋದ ತಿಂಗಳ ಆಕಿ ಹೆಂಗ ಬಂದು ಸಾಕ್ಷಿ ಹೇಳಿದ್ಲು?"

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ನಿನ್ನ ಬೈಯಾಂಗಿಲ್ಲ ನಿರ್ಮಲವ್ವ," ಎಂದ ಅಜ್ಜ. "ತಪ್ಪು ನಂದು. ಒಬ್ಬ ಹುಡುಗನ ಮೈಗಳ್ಳತನಕ್ಕ ನಾ ಬರದ್ ಕೊಟ್ಟೆ. ಇಪ್ಪತ್ತೈದು ವರ್ಷದಾಗ ಎಷ್ಟು ಮಂದಿ ಕೋರ್ಟ ನೋಡದನ ವಕೀಲರಾದ್ರೋ! ಕಂಡದ್ದನ್ನ ಬರೀಬೇಕವಾ. ಕಾಣದ್ದನ್ನ ಕಂಡಂಗ ಬರದ್ರ ಅದಕ್ಕ ಸುಳ್ಳು ಸಾಕ್ಷಿ ಅಂತಾರ. ನೀನ ಓದೀದಿ."

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು, ನಾನು ಬರೆದ ಹದಿನಾಲ್ಕು ಪುಟಗಳನ್ನು ಕಿತ್ತು ಹರಿದು ಒಲೆಯ ಬಾಯಿಗೆ ಹಾಕಿದಳು. ನನ್ನ ಬೆರಳ ನೋವಿನ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ.

ಊಟಕ್ಕೆ ಕೂತಾಗ ಜಗಳ ಶುರುವಾಯಿತು.

"ಹರದದ್ದು ಶ್ಯಾಣ್ಯಾತನ," ಎಂದಳು ಅಜ್ಜಿ. "ಪುಸ್ತಕ ಕೊಡಾಕ ಇನ್ನ ಮೂರು ವಾರ ಐತಿ. ಕೋರ್ಟನ್ಯಾಗ ಒಂದು ತಾರೀಖಿಗೆ ಆರು ತಿಂಗಳ ಹಿಡೀತೈತಿ. ನನಗ ಹೇಳಾಕ ಬರಬ್ಯಾಡ್ರಿ, ಇವರನ್ನ ಕಾಯ್ಕೋಂತ ಕೂತಾಕಿ ನಾನು."

"ಸುಗ್ಯಾಗ ನನ್ನ ಬುತ್ತಿ ಯಾರ ಕಟ್ಟಾವ್ರು?" ಎಂದ ಅಪ್ಪ. "ಎಲ್ಲಾರೂ ಬರದದ್ದನ್ನ ಬರದ್ರ ಏನ್ ಆಕಾಶ ಕಳಚಿ ಬೀಳತಿತ್ತು?"

"ನಿಮ್ಮ ತೂಕದ ಚೀಟ್ಯಾಗ ಹಿಂದಿನ ವರ್ಷದ ತೂಕ ಬರದ್ರ ನಡಿತೈತೇನ್ರಿ?" ಎಂದಳು ಅವ್ವ.

ಅಪ್ಪ ಉತ್ತರಕ್ಕೆ ಬದಲು ಬದನೆಕಾಯಿ ಪಲ್ಯ ಹಾಕಿಸಿಕೊಂಡ.

"ಫೇಲಾದ್ರ ಮಾತು ನೆನಪೈತಿಲ್ಲೋ?" ಅಜ್ಜಿ ಕೇಳಿದಳು.

"ಐತ್ರಿ. ಪುಸ್ತಕ ಅಟ್ಟಕ್ಕ."

ಅವ್ವ ಹಾಗೆಂದಾಗ ಅವಳ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಹಾಗೇ ನಿಂತಿತ್ತು. "ಮುಂಜಾನೆ ಅವ್ವ ಪರೀಕ್ಷಾಕ್ಕ ಓದ್ಕೊಳ್ಳಲಿ, ರೊಟ್ಟಿ ನಾ ಬಡಿತೇನಿ," ಎಂದುಬಿಟ್ಟೆ. ಎಲ್ಲರೂ ನನ್ನತ್ತ ತಿರುಗಿದರು. ಅಜ್ಜಿ ಮೊದಲ ಸಲ ನಕ್ಕಳು, ಅದೇನೂ ಒಳ್ಳೆಯ ನಗೆಯಾಗಿರಲಿಲ್ಲ.

ಮಾರನೆಯ ದಿನ ಹತ್ತೂವರೆಗೆ ಅಜ್ಜ ಎದ್ದು ನಿಂತ, ಛತ್ರಿ ತಗೊಂಡ, ಬಾಗಿಲು ದಾಟಿ ಹೊರಟೇಬಿಟ್ಟ. ಹಿಂದೆ ಅವ್ವ. ಕೋರ್ಟಿನ ಮುಂದಿನ ಚಹಾದಂಗಡಿಯವನು ಅಜ್ಜನನ್ನು ಹನ್ನೆರಡು ವರ್ಷದ ಮೇಲೆ ನೋಡಿದರೂ ಏನೂ ಕೇಳದೆ ಸಕ್ಕರೆಯಿಲ್ಲದ ಚಹಾ ತಂದು ಕೈಗಿಟ್ಟನಂತೆ. ಆ ಒಂದು ಚಹಾದ ಕಥೆಯನ್ನು ಅಜ್ಜ ವಾರವಿಡೀ ಹೇಳಿದ.

ಕಾಲೇಜಿನ ಯಾವ ಪುಸ್ತಕದಲ್ಲೂ ಇಲ್ಲದ ಪಾಠವನ್ನು ಅಜ್ಜ ಅವ್ವನಿಗೆ ಕಲಿಸಿದ. ಕೋರ್ಟಿಗೆ ಹೋದವರು ಮೊದಲು ಬೋರ್ಡಿನ ಮೇಲಿನ ಪಟ್ಟಿ ನೋಡಬೇಕು. ಎರಡನೆಯ ಬೆಂಚಿನಲ್ಲಿ, ಗೋಡೆಯ ಬದಿಗೆ ಕೂಡಬೇಕು. ಅಲ್ಲಿಗೆ ಸಾಕ್ಷಿಯ ದನಿಯೂ ಕೇಳುತ್ತದೆ, ವಕೀಲರ ಮುಖವೂ ಕಾಣುತ್ತದೆ. ಹಾಳೆಯನ್ನು ಉದ್ದಕ್ಕೆ ಮಡಿಚಬೇಕು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ.

"ಮತ್ತ ನಡುವಿನ ಮಡಿಕಿ ಮ್ಯಾಲೆ?" ಎಂದು ಕೇಳಿದಳು ಅವ್ವ.

"ಅಲ್ಲಿ ಪ್ರಶ್ನೆನೂ ಅಲ್ಲದ್ದು, ಉತ್ತರಾನೂ ಅಲ್ಲದ್ದು ಬರೀಬೇಕು. ಕೆಮ್ಮಿದ್ದು, ತಡವರಿಸಿದ್ದು, ನೀರು ಕೇಳಿದ್ದು. ಖರೇ ಖಟ್ಲೆ ಅಲ್ಲೇ ಇರತೈತಿ."

ಅವ್ವ ಆರಿಸಿಕೊಂಡದ್ದು ಅಗಡಿಯ ಒಂದು ದಾರಿಯ ಖಟ್ಲೆ. ಒಬ್ಬನ ಹೊಲದ ಬದುವಿನ ಮೇಲೆ ಇನ್ನೊಬ್ಬನಿಗೆ ಹಾದು ಹೋಗುವ ಹಕ್ಕಿದೆಯೋ ಇಲ್ಲವೋ ಎಂಬುದು ವ್ಯಾಜ್ಯ. ಸಾಕ್ಷಿ ಹಂತಕ್ಕೆ ಬಂದಿದ್ದರಿಂದ ವಾರಕ್ಕೊಂದು ತಾರೀಖು ಬೀಳುತ್ತಿತ್ತು. ಹದಿನೈದು ವರ್ಷ ಇಬ್ಬರ ಹೊಲವನ್ನೂ ಉತ್ತ ಟ್ರ್ಯಾಕ್ಟರ್ ಚಾಲಕ ನಾಸೀರನೇ ಮುಖ್ಯ ಸಾಕ್ಷಿ. ಮೊದಲ ತಾರೀಖಿಗೆ ನಾಸೀರ ಬರಲಿಲ್ಲ. ಎರಡನೆಯ ತಾರೀಖಿಗೆ ನಾಸೀರ ಬಂದ, ನ್ಯಾಯಾಧೀಶರು ರಜೆಯಲ್ಲಿದ್ದರು. ಎರಡು ವಾರ ಕಳೆದಿತ್ತು. ಅವ್ವನ ರೆಕಾರ್ಡಿನಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ, ಒಂದು ಉತ್ತರವೂ ಇರಲಿಲ್ಲ.

"ಏನೂ ಆಗಲಿಲ್ರಿ ಮಾವಾರ," ಎಂದಳು ಅವ್ವ ಅಳುವ ದನಿಯಲ್ಲಿ. "ಏನಂತ ಬರೀಲಿ?"

"ಆಗಲಿಲ್ಲ ಅಂತನ ಬರಿ. ಯಾರ್ಯಾರು ಬಂದು ಕಾದ್ರು, ಎಷ್ಟೊತ್ತು ಕಾದ್ರು, ಕೂಲಿ ಬಿಟ್ಟು ಬಂದವ್ರು ಎಷ್ಟು ಮಂದಿ, ಎಲ್ಲಾ ಬರಿ. ಕಾಯೋದೂ ವಿಚಾರಣೆನ."

ಅವ್ವ ಅದನ್ನೇ ಬರೆದಳು. ನಾನು ಇತ್ತ ದಿನಕ್ಕೆ ಹದಿನೆಂಟು ರೊಟ್ಟಿ ಬಡಿಯುತ್ತಿದ್ದೆ. ಮೊದಲ ವಾರ ಅವು ಹರಿದವು, ಎರಡನೆಯ ವಾರ ಸುಟ್ಟವು. ಅಪ್ಪ ತನ್ನ ಬುತ್ತಿಯನ್ನು ಅಂಗಡಿಯಲ್ಲಿ ಯಾರಿಗೂ ತೋರಿಸದೆ ಉಣ್ಣುತ್ತಿದ್ದನಂತೆ. ಆದರೆ ಒಂದು ವಿಚಿತ್ರ ನಡೆಯಿತು. ಸಂಜೆ ಅವ್ವ ಚಪ್ಪಲಿ ಬಿಡುವ ಮೊದಲೇ ಅಜ್ಜಿ ಕೇಳತೊಡಗಿದಳು: "ನಾಸೀರ ಬಂದ್ನೇನು?" ಅಗಡಿಯ ಆ ಎರಡು ಮನೆಗಳ ಹಿರಿಯರು, ಹೆಂಗಸರು, ಬದು, ಹುಣಸೆಮರ ಎಲ್ಲವೂ ಅಜ್ಜಿಗೆ ಬಾಯಿಗೆ ಬಂದವು. ಟಿವಿಯ ಧಾರಾವಾಹಿ ತಾನಾಗಿ ನಿಂತುಹೋಯಿತು.

ಮೂರನೆಯ ತಾರೀಖು ಬುಧವಾರ. ರೆಕಾರ್ಡ್ ಕೊಡುವ ಕೊನೆಯ ದಿನ ಶುಕ್ರವಾರ. ಮಂಗಳವಾರ ಸಂಜೆ ಅಪ್ಪ ಸೀನುತ್ತ ಬಂದು ಹೇಳಿದ:

"ನಾಳೆ ಅಂಗಡಿ ಮಾಲಕರು ಮನಿಗೆ ಊಟಕ್ಕ ಬರಾಕತ್ತಾರ. ನಾನ ಕರದೇನಿ. ನಿರ್ಮಲಾ, ನೀ ನಾಳೆ ಎಲ್ಲೂ ಹೋಗಬ್ಯಾಡ."

"ನಾಳೆ ನಾಸೀರ ಬರ್ತಾನ್ರಿ."

"ಯಾಂವ ಅಂವ ನಾಸೀರ? ದಿನಾ ಮನ್ಯಾಗ ನಾಸೀರ, ನಾಸೀರ! ನಾ ಕೂಳು ತಿನ್ನೋದು ಮಾಲಕರ ಅಂಗಡ್ಯಾಗ, ನಾಸೀರನ ಟ್ರ್ಯಾಕ್ಟರಿನ್ಯಾಗಲ್ಲ!"

"ನಾಳೆ ಬಿಟ್ರ ಮೂರು ವರ್ಷ ಬಿಟ್ಟಂಗ," ಅವ್ವನ ದನಿ ಏರಿತು. "ಮೂರು ವರ್ಷ ನಾ ಯಾವ ಮದುವಿಗೆ ಹೋಗೇನಿ? ಯಾವ ಹಬ್ಬದಾಗ ಕೂತು ಉಂಡೇನಿ? ಹೇಳ್ರಿ!"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಎದ್ದು ನನ್ನನ್ನು ಕರೆದಳು. "ದುರ್ಗಾ, ನಿಚ್ಚಣಿಕಿ ಹಿಡಿ." ಅಟ್ಟದಿಂದ ಒಂದು ಹಳೆಯ ಸ್ಟೀಲ್ ಬುತ್ತಿ ಡಬ್ಬಿ ಇಳಿಯಿತು. ಮೂರು ಖಾನೆ, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ಹೊಳಿಯವ್ವ. ಅಜ್ಜಿಯ ತವರಿನವರು ಕೊಟ್ಟದ್ದು. ಮೂವತ್ತೆಂಟು ವರ್ಷ ಅಜ್ಜನ ಜೊತೆ ಕೋರ್ಟಿಗೆ ಹೋಗಿ ಬಂದದ್ದು ಅದೇ. ಅದನ್ನು ನೋಡಿ ಅಜ್ಜ ಏನೋ ಹೇಳಹೋಗಿ ಮೂಗು ಒರೆಸಿಕೊಂಡ.

"ನಾಳೆ ಅಡಗಿ ನಾನು ದುರ್ಗಾ ನೋಡ್ಕೋತೇವಿ," ಎಂದಳು ಅಜ್ಜಿ ಡಬ್ಬಿ ತಿಕ್ಕುತ್ತ. "ಮಾಲಕ ಹಸಕೊಂಡು ಹೋಗಾಂಗಿಲ್ಲ. ನಿರ್ಮಲಾ, ಬುತ್ತಿ ಕಟ್ಟತೇನಿ, ಸುಮ್ಕ ಹೋಗು. ಆದ್ರ ನಾಸೀರ ಅಂದದ್ದು ಒಂದು ಮಾತೂ ಬಿಡಬಾರ್ದು ನೋಡು. ಬಂದು ಹೇಳಬೇಕು."

ಬುಧವಾರ ಮಾಲಕರು ಬಂದರು. ಎಣ್ಣೆಗಾಯಿ, ಹೆಸರುಕಾಳು, ಗುರೆಳ್ಳು ಚಟ್ನಿ, ನನ್ನ ಇಪ್ಪತ್ತೆರಡು ರೊಟ್ಟಿ. ಮಾಲಕರು ನಾಲ್ಕನೆಯ ರೊಟ್ಟಿ ಹಾಕಿಸಿಕೊಳ್ಳುತ್ತ, "ಮನಿಯವ್ರು ಕಾಣವಲ್ರು?" ಎಂದರು. ಅಪ್ಪ ತಲೆ ತಗ್ಗಿಸಿ, "ಕೋರ್ಟಿಗೆ ಹೋಗ್ಯಾಳ್ರಿ," ಎಂದ. "ಅಯ್ಯ, ಏನ ಖಟ್ಲೆ ಬಿತ್ತೋ ಮಾರಾಯ?" ಎಂದು ಮಾಲಕರು ತುತ್ತು ಬಿಟ್ಟು ಕೇಳಿದರು. "ಬಿದ್ದಿಲ್ರಿ, ನೋಡಾಕ ಹೋಗ್ಯಾಳ. ವಕೀಲ ಆಗಾಕತ್ತಾಳ," ಎಂದ ಅಪ್ಪ. ಹೇಳುತ್ತ ಹೇಳುತ್ತ ಅವನ ತಲೆ ತಾನಾಗಿ ಮೇಲೆದ್ದಿತು. ನಾನು ನೋಡಿದೆ.

ಅಂದು ಸಂಜೆ ಅವ್ವ ಕಾವ್ಯಾಳನ್ನೂ ಕರೆದುಕೊಂಡು ಬಂದಳು. ಝೆರಾಕ್ಸ್ ಬಿಟ್ಟು ಅವಳೂ ಎರಡನೆಯ ಬೆಂಚಿನಲ್ಲಿ ಕೂತಿದ್ದಳಂತೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ಬಂದ್ನ?"

"ಬಂದ್ರಿ ಅತ್ತ್ಯಾರ! 'ನೀ ಹೋಗತಿದ್ದ ದಾರಿ ಯಾರದು' ಅಂತ ವಕೀಲರು ಕೇಳಿದ್ರು. 'ದಾರಿ ಯಾರದಂತ ನಾ ಕೇಳಿಲ್ರಿ, ಹೋಗಿಬರಾಗ ಇಬ್ರೂ ಚಹಾ ಕೊಡತಿದ್ರು' ಅಂದ. ಕೋರ್ಟಿಗೆ ಕೋರ್ಟ ನಕ್ಕಿತು. ಆಮ್ಯಾಲೆ, 'ಈಗ ಇಬ್ರ ಮನ್ಯಾಗೂ ಚಹಾ ಇಲ್ರಿ' ಅಂದ. ಯಾರೂ ನಗಲಿಲ್ಲ."

ಅಜ್ಜ ಮಡಿಚಿದ ಹಾಳೆಗಳನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದ. "ನೀರು ಕೇಳಿದ್ನೇನು?"

"ಇಲ್ರಿ ಮಾವಾರ. ಬಾಟ್ಲಿ ತಂದಿದ್ದ."

ಜುಲೈನಲ್ಲಿ ಫಲಿತಾಂಶ ಬಂದಾಗ ಅವ್ವ ಪಾಸಾಗಿದ್ದಳು. ಈಗ ಹಾವೇರಿ ಕೋರ್ಟಿನಲ್ಲೇ ಒಬ್ಬ ಹಿರಿಯರ ಕೈಕೆಳಗೆ ಕೆಲಸ ಕಲಿಯುತ್ತಾಳೆ, ಹೊಳಿಯವ್ವ ಎಂದು ಕೊರೆದ ಡಬ್ಬಿ ಒಯ್ಯುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯ ನಿಜವಾದ ಫಲಿತಾಂಶ ಬಂದದ್ದು ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಅವ್ವ ಮೌಖಿಕ ಪರೀಕ್ಷೆ ಮುಗಿಸಿ ರಾಣೇಬೆನ್ನೂರಿನಿಂದ ಬಂದ ಸಂಜೆ.

ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ಕೈ ತೊಳೆದು ಬಂದು ಹೇಳತೊಡಗಿದಳು. ಪರೀಕ್ಷಕರು ತಲೆ ನರೆತವರು. ಬೆಳಗಿನಿಂದ ರೆಕಾರ್ಡ್ ನೋಡಿ ನೋಡಿ ಬೇಸತ್ತಿದ್ದರಂತೆ. ಅವ್ವನ ಪುಸ್ತಕ ತಿರುವಿ ಹಾಕಿದರು, ಮತ್ತೆ ಮೊದಲಿನಿಂದ ನಿಧಾನವಾಗಿ ಓದಿದರು.

"'ಏನಮ್ಮ, ಇದರಾಗ ಸಿದ್ದವ್ವ ಇಲ್ಲಲ್ಲ?' ಅಂತ ಕೇಳಿದ್ರು. 'ನಾ ಪರೀಕ್ಷಕ ಆಗಿ ಒಂಬತ್ತು ವರ್ಷಾತು. ವರ್ಷಾ ಆ ಮುದುಕಿ ನೀರು ಕುಡಿಯೋದನ್ನ ಓದೇನಿ. ಖರೇ ಹೇಳ್ಬೇಕಂದ್ರ ನಾ ಕಲಿಯುವಾಗ ನಾನೂ ಅದನ್ನ ಬರದ್ ಕೊಟ್ಟಾಂವ. ನೀ ಯಾಕ ಬರೀಲಿಲ್ಲ?' ಅಂದ್ರು."

"ನೀ ಏನಂದಿ?" ಅಜ್ಜಿ ಬಡಿಸುವ ಕೈ ತಡೆದಳು.

"ಸಿದ್ದವ್ವಗ ನೀರು ಕೊಟ್ಟವ್ರು ನಮ್ಮ ಮಾವನವ್ರು ಸರ್, ಅಂದೆ. ಅವರು ಕಂಡಿದ್ದು ಅವರು ಬರದ್ರು. ನಾ ಕಂಡಿದ್ದು ನಾ ಬರದೇನಿ, ಅಂದೆ."

ನನಗೂ ಅದು ಹೊಸ ಸುದ್ದಿ. ನೀರು ಕೊಡಲಾಯಿತು ಎಂದು ಅಜ್ಜ ಬರೆದಿದ್ದ. ಕೊಟ್ಟವರು ಯಾರೆಂದು ಬರೆದಿರಲಿಲ್ಲ. ಅವ್ವ ಅದನ್ನು ಯಾವಾಗ ಕೇಳಿ ತಿಳಿದುಕೊಂಡಿದ್ದಳೋ!

"ಪರೀಕ್ಷಕರು ಪೆನ್ನು ಕೆಳಗಿಟ್ರು," ಎಂದಳು ಅವ್ವ. "ಆಮ್ಯಾಲೆ ಮತ್ತ ಎತ್ತಿಕೊಂಡು, 'ಹೆಸರೇನಮ್ಮ ಅವರದು?' ಅಂತ ಕೇಳಿದ್ರು. ಹೇಳಿದೆ. ಬರಕೊಂಡ್ರು."

ಅಜ್ಜ ತಟ್ಟೆ ನೋಡುತ್ತಿದ್ದ.

"ಪೂರ್ತಿ ಹೆಸರು ಹೇಳಿದ್ಯವಾ?"

"ಹೂಂರಿ ಮಾವಾರ. ಮೈಲಾರೆಪ್ಪ ಫಕ್ಕೀರಪ್ಪ ಕೋಡಿಹಳ್ಳಿ, ಹಾವೇರಿ."

"ಗುಮಾಸ್ತ ಅಂತ ಬರಸೀದಿಲ್ಲೋ?"

"ಬರಸೇನ್ರಿ."

ಅಜ್ಜ ತಲೆಯಾಡಿಸಿದ. ಎಷ್ಟೋ ಹೊತ್ತು ಹಾಗೆಯೇ ತಲೆಯಾಡಿಸುತ್ತ ಕೂತಿದ್ದ. ಕಣ್ಣೀರು ಮೊಸರಿನ ಬಟ್ಟಲಿಗೆ ಬಿದ್ದದ್ದು ನಮಗೆ ಕಂಡರೂ ಯಾರೂ ಕಂಡಂತೆ ತೋರಿಸಿಕೊಳ್ಳಲಿಲ್ಲ. ಆಮೇಲೆ ಅಜ್ಜ ತಟ್ಟೆಯನ್ನು ನನ್ನ ಕಡೆ ಸರಿಸಿದ.

"ದುರ್ಗವ್ವ, ಇನ್ನೊಂದು ರೊಟ್ಟಿ ಹಾಕು," ಎಂದ.